ಒಲಿ ಹಚ್ಚಬ್ಯಾಡ್ರಿ

ನನ್ನ ಮಗಳು ಹುಟ್ಟಿದ್ದು ಮೇ ತಿಂಗಳ ನಟ್ಟನಡುವೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಮೇ ತಿಂಗಳೆಂದರೆ ಏನೆಂದು ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದವರು ಮಧ್ಯಾಹ್ನ ಎರಡಕ್ಕೆ ಒಮ್ಮೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೋಡಲಿ. ಹೆರಿಗೆಯಾದ ದಿನ ಕರೆಂಟು ಹೋಗಿ, ನನ್ನ ಅವ್ವ ಸೆರಗಿನಿಂದ ಗಾಳಿ ಹಾಕುತ್ತ, 'ಈಕಿಗಿ ಬರಾಕ ಬ್ಯಾರೆ ತಿಂಗಳ ಸಿಗಲಿಲ್ಲೇನು' ಎಂದು ಹಸುಗೂಸನ್ನೇ ಬೈದಿದ್ದಳು.

ಹುಟ್ಟುಹಬ್ಬವೆಂಬುದು ನಮ್ಮ ಮನೆತನಕ್ಕೆ ಹೊಸದು. ನಾನು ಹುಟ್ಟಿದ ದಿನ ನನಗೇ ಗೊತ್ತಿಲ್ಲ. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡರು, ಮುಗಿಯಿತು. ನನ್ನ ಗಂಡನನ್ನು ಸೇರಿಸಿಕೊಂಡ ಮಾಸ್ತರರೂ ಅದನ್ನೇ ಮಾಡಿದ್ದರು. ಹೀಗಾಗಿ ಗಂಡ ಹೆಂಡತಿ ಒಂದೇ ದಿನ ಹುಟ್ಟಿದವರು ನಾವು. ಮಗಳಿಗಾದರೂ ಒಂದು ಖರೆ ತಾರೀಖು ಇದೆಯಲ್ಲ, ಅದನ್ನು ದಂಡ ಮಾಡುವುದು ಬೇಡವೆಂದು ಅವಳಿಗೆ ಎಂಟು ತುಂಬುವ ವರ್ಷ ನಾನೇ ಹಟ ಹಿಡಿದೆ.

ಆಗ ನಾವು ಸುರಪುರದ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನ ಗಂಡ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ಹುಡುಗರು ರೊಟ್ಟಿ ಕಂಡರೆ ಮುಖ ತಿರುಗಿಸುವ ಕಾಲ ಬಂದಿತ್ತು. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುತ್ತಿದ್ದುದರಿಂದ ನನ್ನ ಗಂಡನಿಗೆ ಕೆಲಸ ಕಡಿಮೆ, ಮನೆಯಲ್ಲಿ ಮಾತು ಜಾಸ್ತಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಾವು ಬೌದ್ಧರು. ನನ್ನ ಅಪ್ಪ ಅವ್ವ ರಾಮಸಮುದ್ರದ ಆಚೆಯ ಹಳ್ಳಿಯೊಂದರಲ್ಲಿ ಊರ ಹೊರಗಿನ ಕೇರಿಯವರು, ಕಂಡವರ ಹೊಲದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವರು. ಬಾಡಿಗೆ ಮನೆಯ ಮಾಲೀಕರು ಬೇರೆ ಊರಲ್ಲಿದ್ದರು, ಏನೂ ಕೇಳಲಿಲ್ಲ. ಓಣಿಯವರೂ ಕೇಳಲಿಲ್ಲ, ಆದರೆ ಮೂರೇ ದಿನದಲ್ಲಿ ತಿಳಿದುಕೊಂಡರು. ಹಾಗೆಂದು ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ, ಸುಳ್ಳು ಹೇಳಬಾರದು. ನಮ್ಮ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು, ಮಕ್ಕಳನ್ನು ಪಾಠಕ್ಕೆ ಕಳಿಸುತ್ತಿದ್ದರು, ಅರ್ಜಿ ಬರೆಸಿಕೊಳ್ಳುತ್ತಿದ್ದರು. ತಿನ್ನುವುದೊಂದೇ ಇರಲಿಲ್ಲ. ಚಹಾ ಅಂದರೆ 'ಈಗರೇ ಕುಡುದು ಬಂದೀನ್ರಿ'. ಊಟ ಅಂದರೆ 'ಇವತ್ತ ಸೋಮವಾರಲ್ರಿ, ಉಪಾಸ'. ಮೂರು ವರ್ಷ ನಮ್ಮ ಮನೆಗೆ ಬಂದವರಿಗೆಲ್ಲ ದಿನವೂ ಸೋಮವಾರವೇ.

ಎದುರು ಮನೆಯ ಆಯಿ ಮಾತ್ರ ಸ್ವಲ್ಪ ಬೇರೆ. ಕಿರಾಣಿ ಅಂಗಡಿಯವರ ತಾಯಿ, ಎಪ್ಪತ್ತರ ಮುದುಕಿ, ಹಣೆತುಂಬ ವಿಭೂತಿ, ಮೈತುಂಬ ಸಕ್ಕರೆ ಬೇನೆ, ಬಾಯಿ ಮಾತ್ರ ಭಲೇ ಗಟ್ಟಿ. ಎರಡು ದಿನಕ್ಕೊಮ್ಮೆ ಬಿಸಿ ರೊಟ್ಟಿಯನ್ನೋ ಹಿಂಡಿ ಚಟ್ನಿಯನ್ನೋ ಬಟ್ಟಲಲ್ಲಿ ಹಾಕಿ ನಮ್ಮ ಮನೆಗೆ ಕಳಿಸುವಳು. ಬಟ್ಟಲನ್ನು ಬರಿದಾಗಿ ತಿರುಗಿಸಬಾರದೆಂದು ನಾನು ಹಸಿ ಶೇಂಗಾ ಕಾಳು ಹಾಕಿ ಕಳಿಸುತ್ತಿದ್ದೆ. ಬೇಯಿಸಿದ್ದನ್ನು ಹಾಕುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.

ಮಗಳಿಗೆ ಇದಾವುದೂ ಗೊತ್ತಿರಲಿಲ್ಲ. ಓಣಿಯ ಹನ್ನೆರಡೂ ಮನೆ ತನ್ನದೇ ಎಂದುಕೊಂಡು ಬೆಳೆಯುತ್ತಿದ್ದಳು. ಎಂದಾದರೂ ಗೊತ್ತಾಗುವುದೇ, ಆದರೆ ಅವಳ ಹುಟ್ಟುಹಬ್ಬದ ದಿನ, ಅವಳು ನೀಡಿದ ತಟ್ಟೆಯನ್ನು ಯಾರೋ 'ಒಲ್ಲೆ' ಎನ್ನುವುದರಿಂದ ಗೊತ್ತಾಗಬಾರದು. ನನಗಿದ್ದ ಚಿಂತೆ ಅದೊಂದೇ.

ಹೀಗಾಗಿ ತಿನಿಸಿನ ಪಟ್ಟಿ ಮಾಡಲು ನಾನು ಪಟ್ಟ ತ್ರಾಸು ಏಳನೆಯ ತರಗತಿಯ ಪ್ರಶ್ನೆಪತ್ರಿಕೆ ತೆಗೆಯಲೂ ಪಟ್ಟಿರಲಿಲ್ಲ. ಕಲ್ಲಂಗಡಿ ಹಣ್ಣು ಎಂದು ಮೊದಲು ಬರೆದೆ. ಅದಕ್ಕೆ ಯಾರ ಕೈಯ ದೋಷವೂ ಇಲ್ಲ. ಬಾಳೆಹಣ್ಣು, ಬೇಕರಿಯ ಖಾರಾ ಬಿಸ್ಕಿಟ್ಟು. ಚುರುಮುರಿಯ ಚೂಡಾ ಎಂದು ಬರೆದವಳು, ಒಗ್ಗರಣೆ ನಮ್ಮ ಒಲೆಯ ಮೇಲಾಗುತ್ತದಲ್ಲ ಎಂದು ನೆನಪಾಗಿ, ಅಂಗಡಿಯಿಂದಲೇ ತರಿಸುವುದು ಎಂದು ತಿದ್ದಿದೆ. ನಿಂಬೆ ಶರಬತ್ತು ಬರೆದು ಹೊಡೆದುಹಾಕಿದೆ. ಅದಕ್ಕೆ ನಮ್ಮ ಕೊಡದ ನೀರು ಬೇಕು. ಬದಲಿಗೆ ಸೈಕಲ್ಲಿನ ಮೇಲೆ ಡಬ್ಬಿ ಇಟ್ಟುಕೊಂಡು ಬರುವ ಐಸ್‌ಕ್ಯಾಂಡಿಯವನನ್ನು ಬಾಗಿಲ ಮುಂದೆ ನಿಲ್ಲಿಸಿಕೊಂಡರಾಯಿತು. ಯಾವ ತಾಯಿಗೂ ಬೇಡವೆನ್ನಲು ನೆಪ ಸಿಗದಂಥ ಪಟ್ಟಿ. ಆ ದಿನ ಬುಧವಾರ ಬೇರೆ, ಉಪವಾಸದ ಮಾತೂ ಇಲ್ಲ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ.

ನನ್ನ ಗಂಡ ಪಟ್ಟಿ ಓದಿ ನೋಡಿದರು. 'ಇದೇನ ಬರ್ತ್‌ಡೇನೋ ಏಕಾದಶಿನೋ? ಒಂದ ಮಸಾಲಿ ಅನ್ನನಾದ್ರೂ ಮಾಡು.'

'ನೀವ ಸುಮ್ನಿರ್ರಿ. ಕೇಕಿಂದೇನ ಮಾಡಬೇಕು ಅದನ್ನ ಹೇಳ್ರಿ.'

ಕೇಕಿನದು ದೊಡ್ಡ ಸಮಸ್ಯೆಯೇ ಆಗಿತ್ತು. ಮಗಳಿಗೆ ಬೇಕಾದಂಥ ಹೂವಿನ ಕೇಕು ಸಿಗುತ್ತಿದ್ದುದು ಯಾದಗಿರಿಯಲ್ಲಿ. ಆ ಬಿಸಿಲಲ್ಲಿ ಬಸ್ಸಿನಲ್ಲಿ ತಂದರೆ ಶಹಾಪುರ ದಾಟುವಷ್ಟರಲ್ಲಿ ಹೂವು ಹೋಗಿ, ಸುರಪುರ ಮುಟ್ಟುವಷ್ಟರಲ್ಲಿ ಪಾಯಸವಾಗಿರುತ್ತಿತ್ತು. ಕಡೆಗೆ ನನ್ನ ಗಂಡನೇ ದಾರಿ ಹುಡುಕಿದರು. ಬೋನಾಳದ ಕಡೆಯಿಂದ ಒಂದು ದೊಡ್ಡ ಕಲ್ಲಂಗಡಿ ತರಿಸಿ, ಅದರ ಮೇಲೆ ಎಂಟು ಮೇಣದಬತ್ತಿ ಚುಚ್ಚುವುದು. ಮಗಳು ಅರ್ಧ ದಿನ ಮುನಿಸಿಕೊಂಡಿದ್ದು, ಆಮೇಲೆ ಅಂಥ ಕೇಕು ಯಾರ ಮನೆಯಲ್ಲೂ ಆಗಿಲ್ಲ ಎಂದು ಹೊಳೆದ ಮೇಲೆ ಒಪ್ಪಿಕೊಂಡಳು.

ಒಪ್ಪದವಳು ನನ್ನ ಅವ್ವ. ಮೊಮ್ಮಗಳ ಹುಟ್ಟುಹಬ್ಬವೆಂದು ಒಂದು ವಾರ ಮೊದಲೇ ಹಳ್ಳಿಯಿಂದ ಬಂದಿದ್ದಳು. ಬರುವಾಗ ಒರಳಲ್ಲಿ ತಾನೇ ಕುಟ್ಟಿ ಹೊಟ್ಟು ತೆಗೆದ ಗೋಧಿಯ ದೊಡ್ಡ ಗಂಟು ತಂದಿದ್ದಳು, ಹುಗ್ಗಿಗೆಂದು. ಅವಳ ಗೋಧಿ ಹುಗ್ಗಿಗೆ ನಮ್ಮ ಬಳಗದಲ್ಲಿ ಹೆಸರಿತ್ತು. ಆ ಗಂಟನ್ನು ಅವಳು ಬಂದ ದಿನವೇ ನಾನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ.

'ಹುಗ್ಗಿ ಯಾವಾಗ ಮಾಡೋದವ್ವ?' ಎಂದು ಅವ್ವ ಕೇಳಿದಳು.

'ಈ ಬಿಸಿಲಾಗ ಹುಗ್ಗಿ ಯಾರ ತಿಂತಾರ. ಹುಡುಗರ ಹೊಟ್ಟಿ ಕೆಡ್ತದ' ಎಂದೆ.

ಅವಳಿಗೆ ಓದು ಬರುವುದಿಲ್ಲ, ಆದರೆ ನನ್ನ ಪಟ್ಟಿಯನ್ನು ಅವಳಷ್ಟು ಚೆನ್ನಾಗಿ ಯಾರೂ ಓದಲಿಲ್ಲ. ಹೇಳಿದಳು: 'ಈ ಓಣಿ ಮಂದಿ ನನ್ನ ಕೈಯಾಗಿಂದು ಒಲ್ಲೆ ಅಂತ ಇನ್ನ ಅಂದಿಲ್ಲ. ಅವರಕಿಂತ ಮೊದಲ ನೀನ ಅಂದಿ.'

ನನಗೆ ಸಿಟ್ಟು ನೆತ್ತಿಗೇರಿತು. 'ಇಲ್ಲಿದು ನಿನಗೇನ ಗೊತ್ತದ? ಇಲ್ಲಿ ಇರಾಕಿ ನಾನು' ಎಂದು ಒದರಿದೆ. ಸಿಟ್ಟು ಬಂದದ್ದು ಅವಳ ಮಾತು ಸುಳ್ಳೆಂದಲ್ಲ. ಅವಳು ಎದ್ದು ಹಿತ್ತಲಿಗೆ ಹೋದಳು, ನಾನು ಪಟ್ಟಿ ಮಡಚಿಟ್ಟೆ.

ಕರೆಯುವ ಕೆಲಸವನ್ನು ಮಗಳಿಗೇ ಬಿಟ್ಟಿದ್ದೆ. ಹತ್ತು ಗೆಳತಿಯರ ಹೆಸರು ಹೇಳಿ, 'ಬುಧವಾರ ಸಂಜಿ ಐದಕ್ಕ ನಮ್ಮನಿಗಿ ಬರ್ರಿ ಅಂತ ಹೇಳಿ ಬಾ' ಎಂದು ಕಳಿಸಿದೆ. ಹೋದಳು, ಬಂದಳು, 'ಹೇಳೀನಿ' ಎಂದಳು. ನಾನೂ ಹೆಚ್ಚು ಕೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಎದುರು ಮನೆಯ ಆಯಿ ತನ್ನ ಕಟ್ಟೆಯಿಂದಲೇ ಕೂಗಿದಳು. 'ಅಕ್ಕೋರೆ, ನಾಳಿ ಊಟ ಎಷ್ಟೊತ್ತಿಗಿ? ನನಗ ಸಕ್ಕರಿ ಬ್ಯಾನಿ. ಹೊತ್ತಿಗಿ ಸರಿಯಾಗಿ ಹೊಟ್ಟಿಗಿ ಬೀಳಬೇಕು.'

'ಯಾವ ಊಟರಿ ಆಯಿ?'

'ನಿನ್ನ ಮಗಳ ಹೇಳಿ ಹೋಗ್ಯಾಳಲ್ಲ, ಒಲಿ ಹಚ್ಚಬ್ಯಾಡ್ರಿ ಅಂತ.'

ನಮ್ಮ ಕಡೆ ಕರೆಯುವುದರಲ್ಲಿ ಎರಡು ಬಗೆ. 'ಬರ್ರಿ' ಎಂದರೆ ಮನೆಗೊಬ್ಬರು ಬಂದು ಮುಖ ತೋರಿಸಿ ಹೋದರೆ ಸಾಕು. 'ಅವತ್ತ ಒಲಿ ಹಚ್ಚಬ್ಯಾಡ್ರಿ' ಎಂದರೆ ಹಸುಗೂಸಿನಿಂದ ಹಿಡಿದು ಹಾಸಿಗೆ ಹಿಡಿದವರ ತನಕ ಇಡೀ ಮನೆಯ ಊಟ ನಮ್ಮದು. ಹಾಗೆ ಕರೆಸಿಕೊಂಡ ಮನೆಯವರು ಆ ದಿನ ಒಲೆ ಹಚ್ಚಿದರೆ, ನಿಮ್ಮ ಅನ್ನ ನಮಗೆ ಬೇಡವೆಂದು ಓಣಿಗೆಲ್ಲ ಡಂಗುರ ಸಾರಿದಂತೆ. ನಾನು ಯಾವ 'ಒಲ್ಲೆ'ಯನ್ನು ಯಾರೂ ಹೇಳದಂತೆ ಮಾಡಲು ತಲೆ ಕೆಡಿಸಿಕೊಂಡಿದ್ದೆನೋ, ನನ್ನ ಮಗಳು ಅದನ್ನು ಹೇಳಿ ಎಂದು ಮನೆಮನೆಗೆ ಹೋಗಿ ಕೇಳಿ ಬಂದಂತಾಗಿತ್ತು.

ಅವಳನ್ನು ಹಿಡಿದು ಕೂರಿಸಿದೆ. 'ಯಾರ್ಯಾರ ಮನಿಗಿ ಹೇಳಿದಿ?'

'ಹನ್ನೆರಡೂ ಮನಿಗಿ.'

'ಏನಂತ?'

'ಬುಧವಾರ ಒಲಿ ಹಚ್ಚಬ್ಯಾಡ್ರಿ, ನಮ್ಮ ಅಜ್ಜಿ ಹುಗ್ಗಿ ಮಾಡ್ತಾಳ ಅಂತ.'

'ಹಾಂಗ ಯಾರ ಹೇಳು ಅಂದ್ರ ನಿನಗ?'

'ಆಯಿ ಮನಿ ಮದುವ್ಯಾಗ ಎಲ್ಲಾರಿಗೂ ಹಾಂಗ ಹೇಳಿದ್ರಲ್ಲ. ನಮಗ ಅಷ್ಟ ಹೇಳೂದ ಮರತಿದ್ರು. ನಾ ಯಾರ ಮನಿಗೂ ಮರತಿಲ್ಲ.'

ಒಂದು ತಿಂಗಳ ಹಿಂದೆ ಆಯಿಯ ಮೊಮ್ಮಗನ ಮದುವೆ. ಅವರ ಮನೆಯ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಓಣಿಗೆಲ್ಲ ಒಲೆ ಹಚ್ಚಬೇಡಿರೆಂದು ಹೇಳಿ, ನಮ್ಮ ಬಾಗಿಲಲ್ಲಿ ಮಾತ್ರ 'ಅಕ್ಕೋರೆ, ನೀವೂ ಬರ್ರಿ ಮತ್ತ' ಎಂದು ಹೋಗಿದ್ದರು. ನಮಗ್ಯಾಕ ಹಾಂಗ ಹೇಳಲಿಲ್ಲ ಎಂದು ಆಗ ಇವಳು ಕೇಳಿದ್ದಳು. ಮರೆತಿರಬೇಕು ಎಂದಿದ್ದೆ. ಈಗ ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. 'ಅವರೇನಂದ್ರು?' ಎಂದಷ್ಟೇ ಕೇಳಿದೆ.

'ನಕ್ಕರು. ಹೂಂ ಅಂದ್ರು.'

ಕೂಸಿನ ಮಾತಿಗೆ ನಕ್ಕು ಹೂಂ ಎಂದರೆ ಬರುತ್ತಾರೆಂದೋ, ಬಿಡುತ್ತಾರೆಂದೋ ಯಾರಿಗೆ ಗೊತ್ತು. ಹುಡುಗಿ ತಿಳಿಯದೆ ಹೇಳಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮನೆಮನೆಗೆ ಹೇಳಿ ಬರೋಣವೆಂದು ಚಪ್ಪಲಿ ಮೆಟ್ಟಿದೆ. ಅಷ್ಟರಲ್ಲಿ ಓಣಿಯ ಮೊದಲ ಮನೆಯ ಬಾಯಾರು, ರೈಸ್‌ಮಿಲ್ ಇರುವವರ ಹೆಂಡತಿ, ನಮ್ಮ ಬಾಗಿಲಿಗೇ ಬಂದರು. ಒಳ್ಳೆಯ ಹೆಣ್ಣುಮಗಳು. ಇವತ್ತಿಗೂ ನಾನು ಅವರನ್ನು ಕೆಟ್ಟವರೆನ್ನುವುದಿಲ್ಲ.

'ಅಕ್ಕೋರೆ, ಅಷ್ಟ ಮಂದಿಗಿ ಅಡಿಗಿ ಅಂದ್ರ ನಿಮಗ ಭಾಳ ತ್ರಾಸ ಆಗ್ತದ' ಎಂದರು. 'ನಮ್ಮ ಮನಿ ಕಾರ್ಯಕ್ಕ ಬರೋ ಅಡಿಗಿ ಸ್ವಾಮ್ಯಾರದಾರ. ನಾಳಿ ಅವರನ್ನ ಕಳಸ್ತೀನಿ. ನಿಮಗೂ ಹಗುರ, ಮಂದಿನೂ ಉಂಡಾರು.'

'ಮಂದಿನೂ ಉಂಡಾರು' ಎಂಬ ಮಾತನ್ನು ಅವರು ಬಹಳ ಮೆತ್ತಗೆ ಹೇಳಿದರು. ನಿಜ ಹೇಳುತ್ತೇನೆ, ನನಗೆ ದೇವರೇ ಬಂದು ನಿಂತಂತಾಯಿತು. ಜಂಗಮರಾದ ಸ್ವಾಮಿಗಳು ಬೇಯಿಸುತ್ತಾರೆ, ಓಣಿ ಉಣ್ಣುತ್ತದೆ, ಮಗಳಿಗೆ ಏನೂ ತಿಳಿಯುವುದಿಲ್ಲ. ಹೂಂ ಎನ್ನಲು ಬಾಯಿ ತೆರೆದೆ. ಆಗ ಒಳಗೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಅವ್ವ ಸ್ಟೂಲು ಹಾಕಿಕೊಂಡು ಅಟ್ಟದ ಮೇಲಿನ ಗಂಟು ಇಳಿಸುತ್ತಿದ್ದಳು. ಮೊಮ್ಮಗಳು ತನ್ನ ಹೆಸರು ಹೇಳಿ ಊರನ್ನು ಕರೆದದ್ದನ್ನು ಕೇಳಿಸಿಕೊಂಡಿದ್ದಳಲ್ಲ, ಅವಳ ಮುಖ ನೋಡುವಂತಿತ್ತು. ಬಾಗಿಲಲ್ಲಿ ನಡೆದ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

'ಅಡಿಗಿ ನಮ್ಮವ್ವ ಮಾಡ್ತಾಳ್ರಿ' ಎಂದೆ. 'ನೀವೂ ಬರ್ರಿ. ನಾಳಿ ಒಲಿ ಹಚ್ಚಬ್ಯಾಡ್ರಿ.'

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. 'ಆಗಲ್ರಿ' ಎಂದು ಹೋದರು. ನಾನು ಒಳಗೆ ಬಂದು ಪಟ್ಟಿ ಹರಿದೆ.

ಆಮೇಲಿನದು ಬರೀ ಓಡಾಟ. ಊರ ಆಚೆಯ ನಮ್ಮವರ ಓಣಿಯಲ್ಲಿ ಮದುವೆಗೆಂದು ಇಟ್ಟಿದ್ದ ದೊಡ್ಡ ಬೋಗಾಣಿಗಳನ್ನು ನನ್ನ ಗಂಡ ಸೈಕಲ್ಲಿಗೆ ಕಟ್ಟಿಕೊಂಡು ತಂದರು. ಸುಮ್ಮನೆ ತಂದರೆ ಅವರು ನನ್ನ ಗಂಡನೇ ಅಲ್ಲ. ಕಾಲುವೆಯ ಗೇಟು ಎತ್ತುವಾಗಲೂ ಇಷ್ಟು ಗದ್ದಲವಾಗುವುದಿಲ್ಲ, ಹಾಗೆ ಡಣಡಣ ಬಡಿಸುತ್ತ ಬಂದರು. ಅವ್ವ ಗೋಧಿ ನೆನೆಹಾಕಿದಳು. ನಾನು ತೊಗರಿ ಬೇಳೆ ಆರಿಸಿದೆ. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ, ಹುಗ್ಗಿ, ಇಷ್ಟೇ. ಸಂಜೆಗೆ ಅಂದುಕೊಂಡಿದ್ದ ಕಲ್ಲಂಗಡಿ ಮಧ್ಯಾಹ್ನದ ಊಟಕ್ಕೆ ಮೊದಲೇ ಎಂದಾಯಿತು.

ಬುಧವಾರ ಬೆಳಿಗ್ಗೆ ನಾನು ಎಷ್ಟು ಸಲ ಹೊರಗೆ ಬಂದು ಓಣಿಯ ಮಾಳಿಗೆಗಳನ್ನು ನೋಡಿದೆನೋ ಲೆಕ್ಕವಿಲ್ಲ. ಎಲ್ಲಿ ಹೊಗೆ ಏಳುತ್ತದೆ, ಎಲ್ಲಿ ಇಲ್ಲ. 'ಮೇ ತಿಂಗಳಾಗ ಮೋಡ ನೋಡಾಕತ್ತೀಯೇನು?' ಎಂದು ನನ್ನ ಗಂಡ ಕೆಣಕಿದರು. ಗ್ಯಾಸು ಬಂದಿದ್ದ ಮನೆಗಳದ್ದೇ ಪಂಚಾಯಿತಿ, ಹಚ್ಚಿದರೂ ತಿಳಿಯದು, ಬಿಟ್ಟರೂ ತಿಳಿಯದು. ತೊಗರಿ ಕಟ್ಟಿಗೆ ಸುಡುವ ಮನೆಗಳಲ್ಲಿ ಎರಡರಿಂದ ಹೊಗೆ ಎದ್ದಿತು. ಉಳಿದವು ಸುಮ್ಮನಿದ್ದವು.

ಹನ್ನೆರಡಕ್ಕೆ ಅಡಿಗೆ ಮುಗಿದು, ಪಡಸಾಲೆಯಲ್ಲಿ ಪತ್ರಾವಳಿ ಹಾಕಿ, ಕಲ್ಲಂಗಡಿಗೆ ಮೇಣದಬತ್ತಿ ಚುಚ್ಚಿ ಕಾದೆವು. ಯಾರೂ ಬರಲಿಲ್ಲ. ಹನ್ನೆರಡೂಕಾಲಾಯಿತು. ಅರ್ಧವಾಯಿತು. ಗೆಳತಿಯರೂ ಇಲ್ಲ. ಓಣಿಯಲ್ಲಿ ಒಂದು ನಾಯಿಯೂ ಓಡಾಡಲಿಲ್ಲ. ಮಗಳು ಹೊಸ ಫ್ರಾಕಿನಲ್ಲಿ ಹೊಸ್ತಿಲ ಮೇಲೆ ಕೂತು, 'ಎಲ್ಲಾರೂ ಮಲಗ್ಯಾರೇನವ್ವ?' ಎಂದು ಕೇಳಿದಳು. ಅವ್ವ ಹುಗ್ಗಿಯ ಮೇಲಿನ ಮುಚ್ಚಳ ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು. ಆ ಸ್ವಾಮಿಗಳಿಗೆ ಹೂಂ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ನನ್ನದು ಎಂದು ನನ್ನನ್ನೇ ಶಪಿಸಿಕೊಂಡೆ. ಆ ಅರ್ಧ ತಾಸನ್ನು ನಾನು ಶತ್ರುವಿಗೂ ಬಯಸುವುದಿಲ್ಲ.

ಎದುರು ಮನೆಯ ಬಾಗಿಲು ತೆರೆಯಿತು. ಆಯಿ ಕೋಲು ಊರಿಕೊಂಡು ಹೊರಗೆ ಬಂದು, ಓಣಿಯ ನಡುವೆ ನಿಂತು ಜೋರು ಮಾಡಿದಳು. 'ಅಕ್ಕೋರೆ, ಎಷ್ಟೊತ್ತ ಕಾಯಿಸ್ತೀರಿ ಮುದುಕಿನ್ನ? ಮಂದಿ ಹಸಗೊಂಡ ಕುಂತಾರ. ಊಟಕ್ಕ ಏಳ್ರಿ ಅಂತ ಕರಿಯಾಕ ಬರಬೇಕೋ ಬ್ಯಾಡೋ?'

ಆಗ ನನಗೆ ತಲೆಗೆ ಹೊಡೆದಂತೆ ನೆನಪಾಯಿತು. ಒಲೆ ಹಚ್ಚಬೇಡಿರೆಂದು ಹೇಳಿದ ಮೇಲೆ, ಅಡಿಗೆಯಾದ ಕೂಡಲೇ ಮನೆಮನೆಗೆ ಹೋಗಿ ಊಟಕ್ಕೆ ಏಳಿರೆಂದು ಎರಡನೆಯ ಸಲ ಕರೆಯಬೇಕು. ಆ ಕರೆ ಬರುವ ತನಕ ಮರ್ಯಾದಸ್ಥರು ಹೊಸ್ತಿಲು ದಾಟುವುದಿಲ್ಲ. ಇದು ಈ ಸೀಮೆಯ ಕೂಸಿಗೂ ಗೊತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಯಾರನ್ನೂ ಉಣ್ಣಲು ಕರೆಯದ ನನಗೆ ಮರೆತೇಹೋಗಿತ್ತು. ಅವರು ಬರಲಿಲ್ಲವೆಂದು ನಾನು ಇಲ್ಲಿ ಸಾಯುತ್ತಿದ್ದರೆ, ಕರೆಯಲಿಲ್ಲವೆಂದು ಅವರು ಅಲ್ಲಿ ಹಸಿದು ಕೂತಿದ್ದರು.

ಮಗಳು ಓಡಿದಳು. ಓಣಿಯ ಆ ತುದಿಯಿಂದ ಈ ತುದಿಗೆ 'ಊಟಕ್ಕ ಏಳ್ರಿ, ಊಟಕ್ಕ ಏಳ್ರಿ' ಎಂಬ ಅವಳ ದನಿ ಈಗಲೂ ನನ್ನ ಕಿವಿಯಲ್ಲಿದೆ. ಬಾಗಿಲುಗಳು ತೆರೆದವು. ಎಲ್ಲ ಮನೆಗಳೂ ಬಂದವೆಂದು ಬರೆದರೆ ಚೆಂದವಿರುತ್ತಿತ್ತು, ಆದರೆ ಹಾಗಾಗಲಿಲ್ಲ. ಹೊಗೆ ಎದ್ದ ಎರಡು ಮನೆಗಳು ಬರಲಿಲ್ಲ. ಮೊದಲ ಮನೆಯ ಬಾಯಾರು ಬಂದು, ಕಲ್ಲಂಗಡಿಯ ಎರಡು ಹೋಳು ತಿಂದು, ತಲೆನೋವೆಂದು ಎದ್ದು ಹೋದರು. ಇನ್ನೊಂದು ಮನೆಯವರು ಮಕ್ಕಳನ್ನಷ್ಟೇ ಕಳಿಸಿದರು. ಉಳಿದ ಎಂಟು ಮನೆಯವರು ಬಂದರು, ಪಡಸಾಲೆ ಸಾಲದೆ ಕಟ್ಟೆಯ ಮೇಲೂ ಕೂತರು. ಹುಡುಗಿಯರು ಮೇಣದಬತ್ತಿ ಊದುವ ಗಡಿಬಿಡಿಯಲ್ಲಿ ಕಲ್ಲಂಗಡಿಯನ್ನೇ ಕೆಳಗೆ ಉರುಳಿಸಿದರು. ಮಗಳಿಗೆ ಅದರದೇ ದೊಡ್ಡ ದುಃಖ.

ಆಯಿ ಗೋಡೆಗೆ ಒರಗಿ ಮೊದಲ ಎಲೆಗೇ ಕೂತಿದ್ದಳು. ನನ್ನ ಅವ್ವ ಬಡಿಸಲು ಬಂದವಳು, ಎಷ್ಟೋ ವರ್ಷದ ರೂಢಿಯಿಂದ ಸೌಟನ್ನು ಮೇಲಿನಿಂದ ಎತ್ತಿ ಹಿಡಿದು, ಎಲೆಗೆ ತಾಗದಂತೆ ಹುಗ್ಗಿ ಹಾಕಿದಳು. ಆಯಿ ಅದರ ಮೇಲೆ ತುಪ್ಪ ಹಾಕಿಸಿಕೊಂಡು, ಕಲಸಿ, ಒಂದು ತುತ್ತು ಬಾಯಿಗಿಟ್ಟಳು. ಅವಳು ನಿಧಾನವಾಗಿ ನುಂಗಿ, ಮುಖ ಕಿವುಚಿದಳು.

'ಬೆಲ್ಲ ಕಮ್ಮಿ ಆಗ್ಯಾದ.'

ಮೂರು ವರ್ಷ ಈ ಓಣಿ ನಮ್ಮನ್ನು ಬರೀ ಹೊಗಳಿತ್ತು. ನನ್ನ ಅಕ್ಷರ ಚೆಂದ, ನನ್ನ ಗಂಡ ಸಭ್ಯ, ಮಗಳು ಹುಷಾರು. ನಮ್ಮ ಮನೆಯ ಉಪ್ಪು ಹೆಚ್ಚಾಗಿದೆ, ಬೆಲ್ಲ ಕಡಿಮೆಯಾಗಿದೆ ಎಂದು ಒಬ್ಬರೂ ಅಂದಿರಲಿಲ್ಲ. ಹಾಗೆ ಅನ್ನಬೇಕಾದರೆ ಮೊದಲು ನಾಲಗೆಯ ಮೇಲೆ ಇಟ್ಟುಕೊಳ್ಳಬೇಕಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ, ಯಾರು ನೋಡಿದರೂ ನೋಡಲಿ ಎಂದು.

ತನ್ನ ಹುಗ್ಗಿಗೆ ಯಾರಾದರೂ ಹೆಸರಿಟ್ಟರೆ ಜಗಳಕ್ಕೆ ನಿಲ್ಲುವ ನನ್ನ ಅವ್ವ, ಸೌಟು ಹಿಡಿದುಕೊಂಡೇ ನಗುತ್ತಿದ್ದಳು. 'ನಿಮಗ ಸಕ್ಕರಿ ಬ್ಯಾನಿ ಅಂದ್ರಲ್ರಿ, ಅದಕ್ಕ ಕೈ ಹಿಡದ ಹಾಕೀನ್ರಿ. ಮುಂದಿನ ವರ್ಷ ಬರೋಬ್ಬರಿ ಹಾಕ್ತೀನ್ರಿ.'

'ಮುಂದಿನ ವರ್ಷ ನಾ ಎಲ್ಲಿರ್ತೀನೋ' ಎಂದು ಆಯಿ ಎಲೆಯನ್ನು ನನ್ನ ಅವ್ವನ ಕಡೆ ಸರಿಸಿದಳು. 'ಈಗ ತಂದ ಹಾಕು. ಹಾಂಗ ಮ್ಯಾಲಿಂದ ಒಗಿಬ್ಯಾಡ, ಬಾ, ಇಲ್ಲಿ ಬಾಜೂಕ ಕುಂತ ಕೈಲೇ ಹಾಕು.'